ಶಿವಬಸವ್ವ ಎಂದು ಕೂಗಿದಾಗ

ಜೂನ್ ೩, ಮಂಗಳವಾರ

ಯಾರಿಗೂ ಹೇಳದ ಒಂದು ಮಾತನ್ನು ಮೊದಲು ಬರೆದುಬಿಡುತ್ತೇನೆ. ಮಾಜಿ ಸೈನಿಕರ ದವಾಖಾನೆಯಲ್ಲಿ ನನ್ನ ಅವ್ವನ ಕಾರ್ಡು ತೋರಿಸಿ ಪ್ರತಿ ತಿಂಗಳು ಗುಳಿಗೆ ತರುವವಳು ಅವ್ವ ಅಲ್ಲ, ಅತ್ತಿ. ಅವ್ವ ಸತ್ತು ನಾಲ್ಕು ವರ್ಷವಾಯಿತು.

ಅತ್ತಿ ಎಂದರೆ ಅಪ್ಪನ ಅಕ್ಕ, ಅಡಿವೆವ್ವ. ಗಂಡ ತೀರಿದ ಮೇಲೆ ನಮ್ಮ ಬೆಂಗೇರಿಯ ಮನೆಗೆ ಬಂದವಳು. ಅವಳಿಗೆ ಬಿಪಿ ಇದೆ. ಅಪ್ಪ ಹವಾಲ್ದಾರನಾಗಿ ನಿವೃತ್ತನಾದವನು. ಅವನಿಗೆ, ಅವನ ಹೆಂಡತಿಗೆ, ಮದುವೆಯಾಗದ ಮಗಳಾದ ನನಗೆ ಆ ದವಾಖಾನೆಯಲ್ಲಿ ಎಲ್ಲವೂ ಪುಕ್ಕಟೆ. ಅಕ್ಕನಿಗೆ ಇಲ್ಲ. ಅವರ ಪ್ರಕಾರ ಅಕ್ಕ ಕುಟುಂಬದೊಳಗೆ ಬರುವುದಿಲ್ಲ.

ಸುಳ್ಳು ಅಪ್ಪನದು. ನನ್ನದಲ್ಲ.

ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಓಣಿಗೆಲ್ಲ ಗೊತ್ತು. ಹತ್ತನೆಯ ಗಣಿತ ಪರೀಕ್ಷೆಯ ದಿನ ಕಿಟಕಿಯಿಂದ ಉತ್ತರದ ಚೀಟಿ ಬಂತು, ಎಲ್ಲರೂ ಬರೆದುಕೊಂಡರು. ನಾನು ‘ನನಗೆ ಇದು ಬರುವುದಿಲ್ಲ’ ಎಂದು ಉತ್ತರಪತ್ರಿಕೆಯ ಮೇಲೆ ಬರೆದು ಎದ್ದು ಬಂದೆ. ಮತ್ತೆ ಶಾಲೆಯ ಕಡೆ ಹೋಗಲಿಲ್ಲ. ದುರ್ಗದಬೈಲಿನ ಸೀರೆ ಅಂಗಡಿಯಲ್ಲಿ ಬಣ್ಣ ಬಿಡುತ್ತದೆಯೇ ಎಂದು ಕೇಳಿದವರಿಗೆ ಬಿಡುತ್ತದೆ ಎಂದೆ. ಆರನೆಯ ದಿನ ನಾಳೆಯಿಂದ ಬರಬೇಡ ಎಂದರು. ಅಮರಗೋಳದ ಕಾಳು ದಲ್ಲಾಳಿಯ ಅಡತಿ ಅಂಗಡಿಯಲ್ಲಿ ಹನ್ನೊಂದು ದಿನ ಇದ್ದೆ. ಅಲ್ಲಿಂದ ಬಂದದ್ದು ಈ ಡೈರಿಯೊಂದೇ. ಹತ್ತೊಂಬತ್ತು ವರ್ಷಕ್ಕೆ ಐದು ಕೆಲಸ ಬಿಟ್ಟಿದ್ದೇನೆ. ಎಲ್ಲಿಗಾದರೂ ಹೋಗಿಬಿಡಬೇಕು. ಈ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ.

ಇವತ್ತು ಅಪ್ಪನ ಫೋನಿಗೆ ದವಾಖಾನೆಯಿಂದ ಸಂದೇಶ ಬಂತು. ಗುರುವಾರದಿಂದ ಹೊಸ ಪದ್ಧತಿ. ಎಲ್ಲರೂ ಖುದ್ದಾಗಿ ಬಂದು ಹೊಸ ಫೋಟೋ ತೆಗೆಸಬೇಕು. ಹಳೆಯ ಕಾಗದಗಳೆಲ್ಲ ಕಂಪ್ಯೂಟರಿನೊಳಗೆ ಹೋಗಿವೆ. ಒಂದು ಮನೆಗೆ ಒಬ್ಬರೇ ಡಾಕ್ಟರು, ಅವರು ಚೀಟಿ ಕೊಟ್ಟರೆ ಮಾತ್ರ ದೊಡ್ಡ ಆಸ್ಪತ್ರೆ. ಮೂರು ವರ್ಷದಿಂದ ಮೊಣಕಾಲಿನ ಆಪರೇಶನ್ನಿಗೆ ಅಲೆಯುತ್ತಿರುವ ಅಪ್ಪನಿಗೆ ಇದು ಸಿಹಿ ಸುದ್ದಿ.

“ಅಕ್ಕಾ, ನೀನೂ ಬರಬೇಕಾಗ್ತೈತಿ,” ಎಂದ.

“ಸಾಕಿನ್ನ, ಬಿಟ್ಟಬಿಡೋ ಮಡಿವಾಳಾ. ನಾಕು ವರ್ಷ ನಡದದ್ದ ದೊಡ್ಡದು.”

“ಬಿಟ್ರ ಗುಳಿಗಿ ಯಾರ ಕೊಡ್ತಾರ? ಡಾಕ್ಟರ ಏನಂದಿದ್ರು, ನೆನಪೈತಿಲ್ಲೋ?”

ಅತ್ತಿ ಜೋಳದಲ್ಲಿ ಹರಳು ಆರಿಸುತ್ತಲೇ ಇದ್ದಳು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಜೂನ್ ೫, ಗುರುವಾರ

ಚಿಗರಿ ಬಸ್ಸಿನಲ್ಲಿ ಮೂವರೂ ಹೋದೆವು. ಮೆಟ್ಟಿಲಿಲ್ಲದ ಬಸ್ಸೆಂದರೆ ಅಪ್ಪನಿಗೆ ಪ್ರೀತಿ.

ಆ ದವಾಖಾನೆಯ ಒಂದು ರೀತಿಯನ್ನು ಬರೆಯಬೇಕು. ಅಲ್ಲಿ ಯಾರೂ ಹೇಳದಿದ್ದರೂ ಮೊದಲ ಬೆಂಚು ಸುಬೇದಾರರದು, ಎರಡನೆಯದು ಹವಾಲ್ದಾರರದು, ಹಿಂದಿನದು ಸಿಪಾಯಿಗಳದು. ಹೆಂಗಸರು ಗೋಡೆಯ ಪಕ್ಕ. ಹೆಂಗಸರಿಗೆ ಹೆಸರೂ ಇರುವುದಿಲ್ಲ. “ಹವಾಲ್ದಾರ ಮಡಿವಾಳಪ್ಪ, ವೈಫ್!” ಎಂದು ಕೂಗುತ್ತಾರೆ, ಒಬ್ಬ ಹೆಂಗಸು ಏಳುತ್ತಾಳೆ, ಅಷ್ಟೇ. ನಾಲ್ಕು ವರ್ಷ ಅತ್ತಿ ಹಾಗೆಯೇ ಎದ್ದಿದ್ದಾಳೆ.

ಇವತ್ತು ಬಾಗಿಲಲ್ಲೇ ಟೋಕನ್ ಮಷಿನ್. ಸುಬೇದಾರ ಬಾಳಕೃಷ್ಣ ಕಾಕಾ ಚೀಟಿ ಹಿಡಿದು ಕುದಿಯುತ್ತಿದ್ದರು. “ನನಗ ನಲವತ್ತೇಳು, ಈ ಸಿಪಾಯಿಗೆ ಹದಿಮೂರು! ಏನ್ ನಡಸೀರಿ ಇಲ್ಲೆ?”

ಕಂಪ್ಯೂಟರಿನ ಮುಂದೆ ಕೂಡುವ ಸುಫಿಯಾನ ತಲೆ ಎತ್ತದೆಯೇ, “ಸಾಬ್, ಮಷಿನ್ನಿಗೆ ಸೆಲ್ಯೂಟ್ ಹೊಡ್ಯಾಕ ಬರೂದಿಲ್ರಿ,” ಎಂದ. ಹಿಂದಿನ ಬೆಂಚು ಪೂರ್ತಿ ನಕ್ಕಿತು. ಹದಿಮೂರನೆಯ ಸಿಪಾಯಿ ಅಜ್ಜ ಮಾತ್ರ ನಗಲಿಲ್ಲ. ತನ್ನ ಟೋಕನ್ನನ್ನು ಕಾಕಾನಿಗೆ ಕೊಟ್ಟು ನಲವತ್ತೇಳು ತೆಗೆದುಕೊಂಡ. ಆಮೇಲೆ ಹದಿಮೂರು ಎಂದು ಅಜ್ಜನ ಹೆಸರು ಕೂಗಿದಾಗ ಕಾಕಾ ಒಳಗೆ ಹೋಗಿ ಬೈಸಿಕೊಂಡು ಬಂದರು.

ನಾನೂ ನಗುತ್ತಿದ್ದೆ. ಅಷ್ಟರಲ್ಲಿ ಗೋಡೆಯ ಸ್ಪೀಕರು, “ಟೋಕನ್ ಮೂವತ್ತೆರಡು, ಶಿವಬಸವ್ವ,” ಎಂದಿತು.

ಅತ್ತಿ ಏಳಲಿಲ್ಲ. ಎರಡನೆಯ ಸಲ ಕೂಗಿತು. ಅಪ್ಪ ನೆಲ ನೋಡುತ್ತಿದ್ದ. ಆ ಗೋಡೆಗಳ ನಡುವೆ ಅವ್ವನ ಹೆಸರನ್ನು ಯಾರೂ ಕೂಗಿದ್ದೇ ಇಲ್ಲ, ಅವ್ವ ಬದುಕಿದ್ದಾಗಲೂ. ಮೂರನೆಯ ಸಲ ಕೂಗಿದಾಗ ಅತ್ತಿಯ ಮೊಣಕೈ ಮುಟ್ಟಿ ಎಬ್ಬಿಸಿದವಳು ನಾನು.

ಸುಫಿಯಾನನ ಪರದೆಯ ಮೇಲೆ ಅವ್ವನ ಹಳೆಯ ಫೋಟೋ ಇತ್ತು. ಹಣೆ ತುಂಬ ವಿಭೂತಿ. ಫ್ಲ್ಯಾಶಿಗೆ ಬೆಚ್ಚಿದ ಕಣ್ಣು.

“ಅಜ್ಜಿ ಭಾಳ ಬದಲಾಗ್ಯಾರಲ್ರಿ,” ಎಂದ ಅವನು.

“ಬ್ಯಾನಿ ಬಿದ್ದು ಎದ್ದಾಳ,” ಎಂದ ಅಪ್ಪ.

“ಹಂಗಾರ ನೆಟ್ಟಗ ಕುಂಡರ್ರಿ ಅಜ್ಜಿ. ನಗಬ್ಯಾಡ್ರಿ.” ಅತ್ತಿ ನಗುವ ಹಾಗೇನೂ ಇರಲಿಲ್ಲ. ಅವನು ಒತ್ತಿದ. ಅವ್ವನ ಮುಖ ಹೋಯಿತು, ಅತ್ತಿಯ ಮುಖ ಬಂತು. ಕೆಳಗೆ ಹೆಸರು ಹಾಗೆಯೇ ಇತ್ತು.

ನಮ್ಮ ಮನೆಯವರಿಗೆಂದು ಗೊತ್ತುಮಾಡಿದ ಡಾಕ್ಟರು ಋತುಜಾ ಮೇಡಂ. ಹೊಸಬರು. ಅವರು ಪರದೆಯನ್ನೇ ಬಹಳ ಹೊತ್ತು ಓದಿದರು. “ಬಿಪಿ ಗುಳಿಗಿ ಒಯ್ದೀರಿ. ಸಕ್ಕರಿ ಗುಳಿಗಿ ನಾಲ್ಕು ವರ್ಷದಿಂದ ಒಯ್ದೇ ಇಲ್ಲಲ್ರಿ ಶಿವಬಸವ್ವ? ಯಾಕ ಬಿಟ್ರಿ?”

ಸಕ್ಕರೆ ಕಾಯಿಲೆ ಅವ್ವನಿಗೆ ಇತ್ತು. ಅತ್ತಿಗೆ ಇಲ್ಲ. ಹಳೆಯ ಕಾಗದದ ಜೊತೆ ಅವ್ವನ ಕಾಯಿಲೆಯೂ ಕಂಪ್ಯೂಟರಿನೊಳಗೆ ಹೋಗಿತ್ತು.

ಅತ್ತಿ ಅಪ್ಪನ ಮುಖ ನೋಡಿದಳು. “ಮರೀತಾಳ್ರಿ ಮೇಡಂ,” ಎಂದ ಅಪ್ಪ.

“ಮರಿಯೂ ಮಾತಲ್ಲ ಇದು. ಇವತ್ತ ಲ್ಯಾಬಿನವರು ಬಂದಿಲ್ಲ. ಇದನ್ನ ಹತ್ತು ದಿನ ತಗೊಂಡು ಬರ್ರಿ, ರಕ್ತ ನೋಡೋಣ. ಗುಳಿಗಿ ಖಾಲಿ ಪಟ್ಟಿ ತಂದು ತೋರಿಸ್ಬೇಕು ಮತ್ತ.”

ಅಪ್ಪನ ಮೊಣಕಾಲಿಗೂ ಇವತ್ತೇ ಚೀಟಿ ಸಿಕ್ಕಿತು. ಜುಲೈ ಎಂಟಕ್ಕೆ ಆಪರೇಶನ್. ಆ ಚೀಟಿಯನ್ನು ಅವನು ಅಂಗಿಯ ಒಳಜೇಬಿನಲ್ಲಿಟ್ಟು ದಾರಿಯುದ್ದಕ್ಕೂ ಮುಟ್ಟಿ ಮುಟ್ಟಿ ನೋಡಿಕೊಂಡ.

ಬಸ್ಸಿನಲ್ಲಿ ಅತ್ತಿ ಕೇಳಿದಳು. “ನಿಮ್ಮವ್ವನ ಫೋಟೋ ಎಲ್ಲಿ ಹೋತು ದಾಕ್ಷೀ?”

“ಹೊಸಾದು ಬಂತು. ಹಳೇದು ಹೋತು.”

“ಎಲ್ಲಿ ಹೋತಂದ್ರ?”

ಗೊತ್ತಿಲ್ಲ ಎಂದೆ. ಬೈರಿದೇವರಕೊಪ್ಪ ದಾಟುವವರೆಗೂ ಅವಳು ಗುಳಿಗೆಯ ಚೀಲವನ್ನು ತೊಡೆಯ ಮೇಲೆ ಒತ್ತಿ ಹಿಡಿದಿದ್ದಳು.

ಜೂನ್ ೬, ಶುಕ್ರವಾರ

ಆ ಸಕ್ಕರೆ ಗುಳಿಗೆ ನುಂಗಬೇಡ ಎಂದು ಅತ್ತಿಗೆ ಹೇಳಿದೆ. ಹೂಂ ಎಂದಳು. ದಿನಾ ಒಂದೊಂದು ಒಡೆದು ಮೋರಿಗೆ ಹಾಕು, ಪಟ್ಟಿ ಖಾಲಿಯಾಗುತ್ತದೆ ಎಂದೆ. ಅದಕ್ಕೂ ಹೂಂ.

ಈಗ ಓದಿದರೆ ಇದೂ ಒಂದು ಸುಳ್ಳೇ. ಇರಲಿ.

ಕೆಲಸ ಹುಡುಕಲು ಹೊರಟವಳು ಉಣಕಲ್ ಕೆರೆ ಸುತ್ತಿ ಬಂದೆ.

ಜೂನ್ ೯, ಸೋಮವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಸೋಮವಾರ ಅತ್ತಿಗೆ ಒಪ್ಪತ್ತು. ಸಂಜೆಯವರೆಗೆ ನೀರು ಬಿಟ್ಟು ಏನೂ ಮುಟ್ಟುವುದಿಲ್ಲ. ಹನ್ನೊಂದರ ಸುಮಾರಿಗೆ ನಾನು ಹೊರಗೆ ಹೊರಡಲು ಚಪ್ಪಲಿ ಮೆಟ್ಟಿದ್ದೆ. ಅಡುಗೆಮನೆಯಲ್ಲಿ ಕೊಡ ಉರುಳಿದ ಸದ್ದಾಯಿತು. ನೋಡಿದರೆ ಅತ್ತಿ ಒಲೆಕಟ್ಟೆಗೆ ಒರಗಿ ಕೂತಿದ್ದಳು. ಕುಪ್ಪಸ ಬೆವರಿನಲ್ಲಿ ತೊಯ್ದಿತ್ತು, ತುಟಿ ಅದುರುತ್ತಿತ್ತು. ನನ್ನನ್ನು ನೋಡಿ, “ಶಿವಬಸೂ, ನೀ ಯಾವಾಗ ಬಂದಿ?” ಎಂದಳು.

ಅವ್ವನಿಗೆ ಹೀಗೆ ಆಗುತ್ತಿದ್ದುದನ್ನು ನಾನು ಕಂಡಿದ್ದೇನೆ. ಸಕ್ಕರೆ ಇಳಿದುಹೋದಾಗ ಹೀಗೇ ಆಗುತ್ತಿತ್ತು. ಡಬ್ಬಿಯಿಂದ ಸಕ್ಕರೆ ಮುಷ್ಟಿ ತುಂಬ ತೆಗೆದು ಅವಳ ಗಲ್ಲದೊಳಗೆ ಒತ್ತಿದೆ. ಒಪ್ಪತ್ತು ಎಂದು ಬಾಯಿ ಬಿಗಿದಳು. “ಬಾಯಿ ತಗೀ! ನಿನ್ನ ದೇವರ ಹತ್ರ ನಾ ಮಾತಾಡ್ತೇನಿ, ತಗೀ!” ಎಂದು ಚೀರಿದೆ. ಬಾಯಿ ತೆಗೆದಳು.

ಅಪ್ಪ ಮನೆಯಲ್ಲಿರಲಿಲ್ಲ. ಆಟೋದಲ್ಲಿ ಓಣಿಯ ತುದಿಯ ಸಣ್ಣ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆ. ಅಲ್ಲಿಯ ನರ್ಸು ಪುಸ್ತಕ ತೆರೆದು ಹೆಸರು ಕೇಳಿದಳು.

“ಅಡಿವೆವ್ವ,” ಎಂದೆ.

ಎಷ್ಟು ಸಲೀಸಾಗಿ ಬಂತು!

“ಸಕ್ಕರಿ ಐತೇನು?”

“ಇಲ್ರಿ.”

“ಮತ್ತ ಈ ಗುಳಿಗಿ ಯಾಕ ತಿಂದಾರ?” ಅತ್ತಿಯ ಸೆರಗಿನ ಗಂಟಿನಲ್ಲಿ ಪಟ್ಟಿ ಇತ್ತು. ನಾಲ್ಕು ಗುಳಿಗೆ ಖಾಲಿ. ಶುಕ್ರವಾರದಿಂದ ದಿನಕ್ಕೊಂದರಂತೆ. ಇವತ್ತಿನದು ಖಾಲಿ ಹೊಟ್ಟೆಗೆ.

ಗ್ಲೂಕೋಸ್ ಹಾಕಿದರು. ಅರ್ಧ ತಾಸಿಗೆ ಅತ್ತಿ ಸರಿಯಾದಳು. ಯಾಕೆ ನುಂಗಿದೆ ಎಂದು ಕೇಳಿದೆ.

“ನಾಕು ವರ್ಷ ಆಕಿ ಹೆಸರಿಲೆ ತಿಂದೇನಿ. ಅವತ್ತ ಆಕಿ ಮುಖಾನೂ ಅಳಿಸಿ ಬಂದೆ. ಆಕಿ ಬ್ಯಾನಿ ಬಂದ್ರ ಅದನ್ನ ಮೋರಿಗೆ ಚೆಲ್ಲಲೇನವಾ?”

ಜೂನ್ ೧೦, ಮಂಗಳವಾರ

ಅಪ್ಪನಿಗೆ ಹೇಳಿದೆ. ನಾನು ಹೋಗಿ ಋತುಜಾ ಮೇಡಂಗೆ ಎಲ್ಲ ಹೇಳುತ್ತೇನೆ ಎಂದೆ.

“ಹೇಳು. ಹೇಳಿ ಬಾ. ನಿನಗೇನ್, ಖರೇ ಹೇಳಿ ಎದ್ದು ಬರಾಕ ಬರ್ತೈತಿ. ಸಾಲಿ ಬಿಟ್ಟಿ, ಅಂಗಡಿ ಬಿಟ್ಟಿ. ನಾ ಎಲ್ಲಿ ಎದ್ದು ಹೋಗಲಿ ಈ ಕಾಲ ತಗೊಂಡು?”

ನಾನು ಸುಮ್ಮನಾಗಲಿಲ್ಲ. ಸತ್ತವಳ ಕಾರ್ಡು ಇಟ್ಟುಕೊಂಡವನು ನೀನು ಎಂದೆ. ಅಪ್ಪ ಕೈ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು. “ಹದಿನೇಳು ವರ್ಷ ಸರ್ವಿಸ್. ನನ್ನ ಬುಕ್ಕಿನಾಗ ಶಿಕ್ಷಾದ ಕೆಂಪು ಶಾಯಿ ಒಂದೂ ಇಲ್ಲ,” ಎಂದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ.

ಆಮೇಲೆ ಅತ್ತಿ ನನ್ನನ್ನು ಕರೆದು ಕೂಡಿಸಿಕೊಂಡು ಹೇಳಿದಳು. ನನಗೆ ಇದು ಗೊತ್ತಿರಲಿಲ್ಲ. ಅವ್ವ ಸತ್ತ ಮೂರನೆಯ ತಿಂಗಳು ಅಪ್ಪ ದವಾಖಾನೆಗೆ ಹೋದದ್ದು ಅವ್ವನ ಕಾರ್ಡು ವಾಪಸು ಕೊಡಲು. ಒಬ್ಬನೇ ಹೋಗಲು ಮನಸ್ಸಾಗದೆ ಅಕ್ಕನನ್ನು ಕರೆದುಕೊಂಡು ಹೋಗಿದ್ದ. ಕಾರ್ಡನ್ನು ಅಲ್ಲಿಯ ಕಿಟಕಿಯ ಕಟ್ಟೆಯ ಮೇಲಿಟ್ಟ. ಮಾತು ಬಾಯಿಗೆ ಬರುವಷ್ಟರಲ್ಲಿ ಒಳಗಿನವನು ಕಾರ್ಡು ನೋಡಿ, “ಹವಾಲ್ದಾರ ಮಡಿವಾಳಪ್ಪ, ವೈಫ್!” ಎಂದು ಕೂಗಿದ.

“ತಮ್ಮನ ಹೆಸರು ಕೂಗಿದ್ರಲಾ ಅಂತ ನಾ ಎದ್ದೆ. ಇವನ ಸಂಗಾಟ ಇದ್ದಾಕಿ ನಾ ಒಬ್ಬಾಕೀನ. ಒಳಗ ಕರದು ತೋಳಿಗೆ ಬಿಪಿ ಪಟ್ಟಿ ಸುತ್ತಿದ್ರು. ಆಗ ಡಾಕ್ಟರ ಆಗಿದ್ದ ಕರ್ನಲ್ ಸಾಹೇಬ್ರು ಎದ್ದ ನಿಂತಬಿಟ್ರು. ಇಷ್ಟ ಬಿಪಿ ಇಟ್ಕೊಂಡು ನಡದ ಬಂದೀರಿ? ಇವತ್ತ ಬರದಿದ್ರ ವಾರದಾಗ ಹಾಸಗಿ ಹಿಡೀತಿದ್ರಿ ಅಂದ್ರು. ನಿಮ್ಮಪ್ಪಗ, ಹೆಂಡ್ತೀನ ಹಿಂಗ ನೋಡ್ಕೋತೀ ಏನೋ ಅಂತ ಬೈದ್ರು. ಆಂವಾ ಅಟೆನ್ಶನ್ ನಿಂತಿದ್ದ. ಆಫೀಸರಿಗೆ ಅಲ್ಲ ಅನ್ನಾಕ ಅವಂಗೆಲ್ಲಿ ಬರ್ತೈತಿ? ಹೌದ್ ಸಾಬ್ ಅಂದ. ಹೊರಗ ಬಂದು ಗಿಡದ ಬುಡಕ ನಿಂತು ಅತ್ತ. ಗುಳಿಗಿ ಚೀಲ ನನ್ನ ಕೈಯಾಗ ಇತ್ತು.”

ಮೂರು ತಿಂಗಳ ಹಿಂದೆ ಒಬ್ಬಳನ್ನು ಕಳೆದುಕೊಂಡವನು. ಅಕ್ಕನೂ ಹೋಗುತ್ತಾಳೆ ಎಂದು ಹೆದರಿದ. ಹೆದರಿದ ಎಂದು ಅತ್ತಿ ಹೇಳಲಿಲ್ಲ. ನಾನೇ ಬರೆಯುತ್ತಿದ್ದೇನೆ.

ಹಾಗಂತ ಸುಳ್ಳು ಖರೆಯಾಗುವುದಿಲ್ಲ. ಮುಂದಿನ ಸಲ ಅವ್ವನ ರಕ್ತದ ಗುಂಪು ನೋಡಿ ಅತ್ತಿಗೆ ರಕ್ತ ಕೊಟ್ಟರೆ?

ಜೂನ್ ೧೨, ಗುರುವಾರ

ಹೇಳಿ ಬಂದೆ.

ಅವ್ವನ ಕಾರ್ಡು ತೋರಿಸಿ ತೆಗೆದ ಟೋಕನ್ ನಲವತ್ತೊಂದು. ಆ ಬೆಂಚುಗಳ ಮುಂದೆ ನಿಂತು, ಅವಳು ಸತ್ತು ನಾಲ್ಕು ವರ್ಷವಾಯಿತು ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೆ. ಇವತ್ತು ಸ್ಪೀಕರು ಶಿವಬಸವ್ವ ಎಂದಿತು. ಮೊದಲ ಬೆಂಚಿನಿಂದ ಬಾಳಕೃಷ್ಣ ಕಾಕಾ, “ಏನ್ ತಂಗೀ, ಮಡಿವಾಳಪ್ಪ ಬಂದಿಲ್ಲೇನು? ಮೊಣಕಾಲಿನ ಚೀಟಿ ಸಿಕ್ಕತಂತ, ಛಲೋ ಆತು,” ಎಂದರು. ಹೌದ್ರಿ ಕಾಕಾ ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮೇಡಂ ಪೂರ್ತಿ ಕೇಳಿದರು. ಗುಳಿಗೆಯ ಮಾತು ಬಂದಾಗ ಪೆನ್ನು ಕೆಳಗಿಟ್ಟರು. “ನಾ ಅವತ್ತ ರಕ್ತ ನೋಡದ ಗುಳಿಗಿ ಕೊಡಬಾರದಿತ್ತು,” ಎಂದರು. ಆಮೇಲೆ, “ನಿನ್ನ ಯಾರು ಕಳಿಸ್ಯಾರ?” ಎಂದು ಕೇಳಿದರು.

“ಯಾರೂ ಇಲ್ರಿ.”

“ನೋಡು, ನಾ ಕೇಳಿದ ಮ್ಯಾಲೆ ಬರೀದ ಇರ್ಲಿಕ್ಕೆ ಬರೂದಿಲ್ಲ. ವಿಚಾರಣಾ ಮುಗಿಯೂತನಕ ನಿಮ್ಮನಿ ಕಾರ್ಡೆಲ್ಲಾ ನಿಲ್ತಾವ. ನಿಮ್ಮಪ್ಪನ ಮೊಣಕಾಲಿನ ಚೀಟಿನೂ ನಿಲ್ತದ. ಗೊತ್ತದನು?”

“ಗೊತ್ತೈತ್ರಿ.”

ಗೊತ್ತಿತ್ತು. ಅವರು ಒಂದು ಬಿಳಿ ಹಾಳೆ ತೆಗೆದು ನಾಲ್ಕು ವರ್ಷದ ಬಿಪಿ, ಕೊಟ್ಟ ಗುಳಿಗೆ ಎಲ್ಲ ಬರೆದು, ಸರಕಾರಿ ದವಾಖಾನೆಗೆ ತೋರಿಸು ಎಂದರು. ಮೇಲೆ ಹೆಸರಿನ ಜಾಗ ಬಿಟ್ಟಿದ್ದರು. ನಾನು ಹೇಳಿದ ಮೇಲೆ ಬರೆದರು.

ಹೊರಗೆ ಸುಫಿಯಾನ ಸಿಟ್ಟಾಗಿದ್ದ. “ನನ್ನ ಕೈಲೆ ಫೋಟೋ ತಗಸಿ, ಈಗ ಹರಿಶ್ಚಂದ್ರನ ಮಗಳ ಆಗಾಕ ಬಂದಿ?” ಎಂದ. ನಿನಗೆ ಗೊತ್ತಿರಲಿಲ್ಲ ಎಂದು ಮೇಡಂಗೆ ಹೇಳಿದ್ದೇನೆ ಎಂದೆ. ಅವನು ಏನೋ ಗೊಣಗಿ ಮೇಡಂ ಹೇಳಿದ್ದನ್ನು ಒತ್ತತೊಡಗಿದ. ಆಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸಿದ.

ಅವ್ವನ ಮುಖ ವಾಪಸು ಬಂದಿತ್ತು. ಅದೇ ವಿಭೂತಿ, ಅದೇ ಬೆಚ್ಚಿದ ಕಣ್ಣು. ಕೆಳಗೆ ‘ಮೃತ’ ಎಂದಿತ್ತು.

“ಹಳೇದು ಅಳಿಯೂದಿಲ್ಲ,” ಎಂದ ಅವನು. “ಒಳಗ ಇರ್ತೈತಿ.”

ಮನೆಗೆ ಬಂದು ಅತ್ತಿಗೆ ಇದೊಂದನ್ನೇ ಮೊದಲು ಹೇಳಿದೆ.

ಜೂನ್ ೧೩, ಶುಕ್ರವಾರ

ಅಪ್ಪ ಉಣ್ಣಲಿಲ್ಲ. ನಾನೂ ಉಣ್ಣಲಿಲ್ಲ. ಅತ್ತಿ ಇಬ್ಬರಿಗೂ ಬೈದು ತಾನೊಬ್ಬಳೇ ಉಂಡಳು.

ಜೂನ್ ೧೭, ಮಂಗಳವಾರ

ಸರಕಾರಿ ದೊಡ್ಡ ದವಾಖಾನೆಯಲ್ಲಿ ಏಳಕ್ಕೆ ಸಾಲಿನಲ್ಲಿ ನಿಂತೆ, ಹತ್ತೂವರೆಗೆ ಕಿಟಕಿ ಸಿಕ್ಕಿತು. ಅತ್ತಿಯನ್ನು ಗಿಡದ ನೆರಳಿನಲ್ಲಿ ಕೂಡಿಸಿದ್ದೆ. ನಡುವೆ ಎರಡು ಸಲ ನೀರು ಕೊಟ್ಟು ಬಂದೆ, ಹಿಂದಿನ ಹೆಂಗಸು ಜಾಗ ಹಿಡಿದಿದ್ದಳು. ಅತ್ತಿಯ ಹೆಸರಿನ ಚೀಟಿ ಮಾಡಿಸಿದೆ. ಅವಳಿಗೆ ಓದಲು ಬರುವುದಿಲ್ಲ. ಬೆರಳಿಟ್ಟು, ನನ್ನ ಹೆಸರು ಎಲ್ಲೈತಿ ತೋರ್ಸು ಎಂದಳು. ತೋರಿಸಿದೆ. ಬಿಪಿ ಗುಳಿಗೆ ಸಿಕ್ಕಿತು, ಆದರೆ ಬೇರೆ ಕಂಪನಿಯದು. ತಿಂಗಳಿಗೊಮ್ಮೆ ಹೀಗೆಯೇ ಬರಬೇಕು. ಸೋಮವಾರ ಬೇಡ, ಗದ್ದಲ ಹೆಚ್ಚು. ಮಂಗಳವಾರ ಛಲೋ.

ಅಪ್ಪ ಇನ್ನೂ ನನ್ನೊಡನೆ ಮಾತಾಡುವುದಿಲ್ಲ. ಸಂಜೆ ಮೊಣಕಾಲಿಗೆ ಎಣ್ಣೆ ಹಚ್ಚಲು ಹೋದೆ. ಕಾಲು ಎಳೆದುಕೊಳ್ಳಲಿಲ್ಲ.

ಜೂನ್ ೨೦, ಶುಕ್ರವಾರ

ದವಾಖಾನೆಯ ಮೇಲಿನವರ ಬೆಳಗಾವಿಯ ಆಫೀಸಿನಿಂದ ಕಾಗದ ಬಂತು. ವಿಚಾರಣೆಗೆ ಬುಧವಾರ ಹನ್ನೊಂದಕ್ಕೆ ಹಾಜರಾಗಬೇಕು. ಕಾರ್ಡು, ಸರ್ವಿಸ್ ಬುಕ್ಕು, ಅವ್ವನ ಮರಣಪತ್ರ, ಲಿಖಿತ ಹೇಳಿಕೆ ತರಬೇಕು. ಜುಲೈ ಎಂಟರ ಆಪರೇಶನ್ ರದ್ದಾಗಿದೆ ಎಂದು ಕೊನೆಯಲ್ಲಿ ಒಂದೇ ಸಾಲು.

ಅಪ್ಪ ಅದನ್ನು ಓದಿ ಒಳಜೇಬಿನ ಹಳೆಯ ಚೀಟಿ ತೆಗೆದು ಎರಡನ್ನೂ ಒಟ್ಟಿಗೆ ಮಡಿಸಿಟ್ಟ.

ಜೂನ್ ೨೪, ಮಂಗಳವಾರ

ಮಧ್ಯಾಹ್ನ ಅಪ್ಪ ನನ್ನನ್ನು ಕರೆದ. ಹನ್ನೆರಡು ದಿನದ ಮೇಲೆ. “ದಾಕ್ಷೀ, ಹಾಳಿ ತಗೊಂಡು ಬಾ. ನಿನ್ನ ಅಕ್ಷರ ದುಂಡಗ ಅದಾವು.”

ಅವನು ಹೇಳಿದ, ನಾನು ಬರೆದೆ. ಕಾರ್ಡು ವಾಪಸು ಕೊಡಲು ಹೋದದ್ದನ್ನು ಹೇಳಲಿಲ್ಲ. ಅದನ್ನೂ ಹೇಳು ಎಂದೆ. “ಬ್ಯಾಡ. ಕೊಡಾಕ ಹೋಗಿದ್ದೆ, ಕೊಡಲಿಲ್ಲ. ನೆವ ಹೇಳಿದಂಗ ಆಗ್ತೈತಿ.” ಕೊನೆಯಲ್ಲಿ, ಇದು ನನ್ನೊಬ್ಬನ ತಪ್ಪು, ನನ್ನ ಅಕ್ಕನಿಗಾಗಲಿ ಮಗಳಿಗಾಗಲಿ ಸಂಬಂಧವಿಲ್ಲ ಎಂದು ಬರೆಸಿದ.

ಬರೆದೆ. ಆಮೇಲೆ ಅದರ ಕೆಳಗೆ, ‘ಮೊದಲಿನಿಂದಲೂ ನನಗೆ ಗೊತ್ತಿತ್ತು. ಜೂನ್ ಐದರಂದು ಅವ್ವನ ಹೆಸರು ಕೂಗಿದಾಗ ಅತ್ತಿಯನ್ನು ಎಬ್ಬಿಸಿದವಳು ನಾನು. ದಾಕ್ಷಾಯಿಣಿ,’ ಎಂದು ಸೇರಿಸಿದೆ.

ಅಪ್ಪ ಕನ್ನಡಕ ಹಾಕಿಕೊಂಡು ಓದಿದ. “ಇದನ್ನ ಹೊಡದ ಹಾಕು.”

“ಇಲ್ಲ.”

“ನಿನ್ನ ಕಾರ್ಡೂ ಹೋಗ್ತೈತಿ, ಹುಚ್ಚಿ.”

“ಹೋಗ್ಲಿ.”

ಒಳಗಿನಿಂದ ಅತ್ತಿ, “ನಂದೂ ಹೆಬ್ಬೆಟ್ಟು ಒತ್ತಸ್ಕೊಳ್ರಿ, ಮೂರೂ ಮಂದೀದು ಇರ್ಲಿ,” ಎಂದಳು. ಅಪ್ಪ ಸ್ಟ್ಯಾಂಪ್ ಪ್ಯಾಡು ಎಲ್ಲಿದೆ ಎಂದು ಕಪಾಟಿನಲ್ಲಿ ತಡಕತೊಡಗಿದ.

ಬೆಳಗಾವಿಯ ಬಸ್ಸಿಗೆ ಮೆಟ್ಟಿಲು ಎತ್ತರ. ಹಿಂದಿನಿಂದ ನಾನು ಹಿಡಿದುಕೊಳ್ಳಬೇಕು. ಮಧ್ಯಾಹ್ನದ ಗುಳಿಗೆಯನ್ನು ಅತ್ತಿಗೆ ಬಟ್ಟಲಲ್ಲಿ ತೆಗೆದಿಟ್ಟಿದ್ದೇನೆ, ಪಕ್ಕದ ಮನೆಯವರಿಗೆ ಹೇಳಿದ್ದೇನೆ. ಕಾಗದಗಳು ಚೀಲದಲ್ಲಿವೆ. ನಾಳೆ ಮುಂಜಾನೆ ಆರೂವರೆಯ ಬಸ್ಸಿಗೆ ಅಪ್ಪ, ನಾನು ಹೊರಡುತ್ತೇವೆ.